ಸೋಮವಾರದ ಉಣ್ಣೆ

ನನ್ನ ಮೊಮ್ಮಗಳು ಇವತ್ತು ಬೆಳಿಗ್ಗೆ ಹೊಸ್ತಿಲು ದಾಟಿದಳು! ಯಾರೂ ಎತ್ತಿಕೊಳ್ಳಲಿಲ್ಲ, ಯಾರೂ ಕೈ ಹಿಡಿಯಲಿಲ್ಲ. ಹೊಸ್ತಿಲ ಮೇಲೆ ಹೊಟ್ಟೆ ಹಾಕಿ, ಕಾಲನ್ನು ಹಿಂದಿನಿಂದ ಇಳಿಬಿಟ್ಟು, ಅಂಗಳದ ಮಣ್ಣಿಗೆ ಹೆಬ್ಬೆರಳು ತಾಗಿಸಿ ನೋಡಿ, ಆಮೇಲೆ ಧೊಪ್ಪನೆ ಇಳಿದಳು. ಇಳಿದವಳೇ ಒಂದು ಚಿಟಿಕೆ ಮಣ್ಣು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿ ನಕ್ಕಳು. ನನ್ನ ಕೈಯಲ್ಲಿದ್ದ ಮೊರವನ್ನು ಎಲ್ಲಿಟ್ಟೆನೋ, ಇನ್ನೂ ಸಿಕ್ಕಿಲ್ಲ.

ಆಗಿನಿಂದ ನನಗೆ ಕೂರಲು ಆಗುತ್ತಿಲ್ಲ. ಅಂಗಡಿಗೆ ಹೋಗಿ ಬೆಲ್ಲ ತಂದೆ. ಏಲಕ್ಕಿ ಮರೆತಿದ್ದೆ, ಮತ್ತೆ ಹೋದೆ. ನಮ್ಮ ಕಡೆ ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಅದೇ ಕಾಯಲ್ಲಿ ಸಂಜೆಗೆ ಕಡುಬು ಮಾಡುವುದುಂಟು. ಸೊಸೆ ಮಂಜುಳ, "ಅತ್ತೆ, ಒಂದ್ಗಳಿಗೆ ಕೂತ್ಕಳಿ. ನಿಮ್ಮನ್ನ ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ" ಅಂದಳು. ನಮ್ಮ ಯಜಮಾನರು ಜಗುಲಿ ಮೇಲಿಂದಲೇ, "ಮಗು ದಾಟಿದ್ದು ಹೊಸ್ತಿಲು ಕಣೇ, ಹೇಮಾವತಿ ಹೊಳೆ ಅಲ್ಲ" ಅಂದರು.

ಆಡಿಕೊಳ್ಳಲಿ. ಮಗು ಮಣ್ಣಿಗೆ ಕಾಲಿಡುವುದು ಎಷ್ಟು ದೊಡ್ಡ ಮಾತು ಅನ್ನುವುದು ಅವರಿಗೂ ಗೊತ್ತು. ಇಬ್ಬರೂ ಸೇರಿಯೇ ಅದನ್ನು ಕಲಿತದ್ದು, ದಂಡಿನಶಿವರದ ಹತ್ತಿರದ ಒಂದು ಮನೆಯಲ್ಲಿ. ಕೈಕಾಲು ಒಂದು ಕಡೆ ನಿಲ್ಲಲಿ ಅಂತಲಾದರೂ ಕೂತು ಅದನ್ನು ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಅದು ಸಾವಿರದ ಒಂಬೈನೂರ ಎಂಬತ್ತೊಂದನೇ ಇಸವಿ. ಆಗ ನಾನೂ ನಮ್ಮ ಯಜಮಾನರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮನೆಮನೆಗೆ ಹೋಗಿ ದನಕ್ಕೆ ಹತ್ತುವ ಉಣ್ಣೆಹುಳ ಕಳೆಯುವ ಕೆಲಸ ಮಾಡುತ್ತಿದ್ದೆವು. ಯಜಮಾನರು ಮೊದಲು ಮಲೇರಿಯಾ ಔಷಧಿ ಹೊಡೆಯುವ ಗ್ಯಾಂಗಿನಲ್ಲಿ ದಿನಗೂಲಿಗೆ ಇದ್ದವರು. ಅದು ನಿಂತ ಮೇಲೆ ಒಂದು ಹಳೆಯ ಹಿತ್ತಾಳೆ ಸ್ಪ್ರೇಯರ್ ಕೊಂಡರು. ಅಷ್ಟು ಹೊತ್ತಿಗೆ ಸರಿಯಾಗಿ ನಮ್ಮ ಹಳ್ಳಿಗಳಿಗೆ ಸೀಮೆಹಸು ಬಂದವು. ನಾಟಿ ಹಸು ಉಣ್ಣೆಯನ್ನು ಹೇಗೋ ತಡೆದುಕೊಳ್ಳುತ್ತದೆ. ಸೀಮೆಹಸುವಿಗೆ ಹತ್ತಿದರೆ ಜ್ವರ ಬಂದು ಮಲಗಿಬಿಡುತ್ತದೆ. ದನದ ಡಾಕ್ಟರೊಬ್ಬರು ನಮ್ಮನ್ನು ಕರೆದು, "ಹಸುವಿನ ಮೈ ನಾನು ನೋಡ್ಕೋತೀನಿ, ಹಸು ಕಟ್ಟೋ ಜಾಗ ನೀವು ನೋಡ್ಕೊಳ್ಳಿ" ಅಂದರು. ಔಷಧಿಯನ್ನು ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಕುಡಿಯುವ ನೀರು, ಮಕ್ಕಳು, ಅಡುಗೆ ಪಾತ್ರೆಗಳನ್ನು ಹೇಗೆ ದೂರ ಇಡಬೇಕು, ಎಲ್ಲ ಕಲಿಸಿಕೊಟ್ಟವರು ಅವರೇ.

ಪಂಪು ಅವರದು, ಉಳಿದದ್ದೆಲ್ಲ ನನ್ನದು. ಅಂಗಳದ ಹುಲ್ಲು ಹೆರೆಯುವುದು, ಕೊಟ್ಟಿಗೆ ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಹೊಡೆಯುವುದು, ಮೂಲೆಮೂಲೆ ಗುಡಿಸಿ ಸುಡುವುದು. ಜನ ಉಣ್ಣೆ ಅಂದರೆ ದನದ ಮೈಮೇಲೆ ಇರುವುದು ಅಂದುಕೊಳ್ಳುತ್ತಾರೆ. ಅದು ಅಲ್ಲಿ ಊಟಕ್ಕೆ ಬರುವುದು ಅಷ್ಟೇ. ಹೆಣ್ಣುಣ್ಣೆ ರಕ್ತ ಕುಡಿದು ಹರಳು ಬೀಜದಷ್ಟು ಊದಿಕೊಂಡ ಮೇಲೆ ತಾನಾಗಿ ಕಳಚಿ ಬಿದ್ದು, ಕತ್ತಲೆ ಇರುವ ತಣ್ಣನೆ ಸಂದು ಹುಡುಕಿ ಅಲ್ಲಿ ರಾಶಿ ಮೊಟ್ಟೆ ಇಟ್ಟು ಸಾಯುತ್ತದೆ. ಹುಟ್ಟಿದ ಮರಿಗಳು ಸಾಸಿವೆಗಿಂತ ಸಣ್ಣವು. ಹುಲ್ಲಿನ ತುದಿಗೋ ಗೋಡೆಗೋ ಹತ್ತಿ, ಮುಂಗಾಲು ಚಾಚಿಕೊಂಡು, ಬಿಸಿ ಮೈಯ ಪ್ರಾಣಿ ಯಾವುದು ಬರುತ್ತದೋ ಅಂತ ಕಾಯುತ್ತವೆ. ಡಾಕ್ಟರು ಇದನ್ನು ಲೈಫ್ ಸೈಕಲ್ ಅನ್ನುತ್ತಿದ್ದರು. ಅವು ಇವೆಯೋ ಇಲ್ಲವೋ ನೋಡಲು ಬಿಳೀ ಬಟ್ಟೆಯನ್ನು ಅಂಗಳದ ಮೇಲೆ ನಿಧಾನಕ್ಕೆ ಎಳೆಯಬೇಕು. ಇದ್ದರೆ ಬಟ್ಟೆಗೆ ಹತ್ತಿಕೊಂಡು ಕರಿ ಚುಕ್ಕಿಯ ಹಾಗೆ ಹರಿದಾಡುತ್ತವೆ.

ನಮಗೆ ಸೋಮವಾರ ರಜ. ನಾವು ಕೇಳಿದ್ದಲ್ಲ, ಊರವರೇ ಕೊಟ್ಟದ್ದು. ಅದು ಬಸವನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ವಿಷದ ಡಬ್ಬವನ್ನಂತೂ ಯಾರೂ ಬಾಗಿಲೊಳಕ್ಕೆ ಬಿಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಆ ಮನೆಯಿಂದ ಕರೆ ಬಂತು. ಮನೆಯ ಯಜಮಾನ ಶಿವಣ್ಣ. ತೆಂಗಿನ ತೋಟ, ಒಂದು ಜೊತೆ ಎತ್ತು, ಎರಡು ಸೀಮೆಹಸು. ಅವನ ತಾಯಿ ಬಸಮ್ಮ. ಹೆಂಡತಿ ಸರೋಜ, ಕಂದಿಕೆರೆ ಕಡೆಯ ಹೆಣ್ಣು. ಸರೋಜಳ ಸೊಂಟದ ಮೇಲೆ ಹತ್ತು ತಿಂಗಳ ಗಂಡು ಮಗು. ನಾವು ಬೆಳಿಗ್ಗೆ ಹೋದಾಗಲೂ ಸೊಂಟದ ಮೇಲೆ, ಸಂಜೆ ಹೊರಟಾಗಲೂ ಸೊಂಟದ ಮೇಲೆ.

"ಒಂದಿಷ್ಟು ಕೆಳಗೆ ಬುಡಮ್ಮ, ಆಡ್ಕಳ್ಳಲಿ" ಅಂದೆ.

"ಎಲ್ಲಿಗೆ ಬುಡ್ಲಿ ಅಕ್ಕ?" ಅಂತ ಮಗುವಿನ ಕಿವಿ ಮಡಚಿ ತೋರಿಸಿದಳು. ಕಿವಿಯ ಹಿಂದೆ ಕೆಂಪಗೆ ಊದಿದ ಗಾಯ, ತೊಡೆಯ ಸಂದಿಯಲ್ಲಿ ಇನ್ನೊಂದು. ಉಣ್ಣೆ ಕಚ್ಚಿ ಬಾತು, ಮಗುವಿಗೆ ಎರಡು ಸಲ ಜ್ವರ ಬಂದು ಆಸ್ಪತ್ರೆಗೆ ತೋರಿಸಿದ್ದರು. "ಅಂಬೆಗಾಲು ಇಡೋ ಕೂಸನ್ನ ಕಟ್ಟಿ ಹಾಕ್ದಂಗೆ ಎತ್ಕಂಡಿದೀನಿ. ಕೆಳಗೆ ಬುಡು ಅಂತ ಅವನೂ ಒದೀತಾನೆ. ಬುಡೋಕೆ ನಂಗೆ ಧೈರ್ಯ ಬರಲ್ಲ."

ಮಗು ನಿಜಕ್ಕೂ ಒದೆಯುತ್ತಿತ್ತು. ಎರಡು ಕಾಲನ್ನೂ ನೆಲದ ಕಡೆ ಚಾಚಿ ಚಾಚಿ ತಾಯಿಯ ಸೀರೆಯ ನೆರಿಗೆಯೇ ಜಾರಿಹೋಗಿತ್ತು.

ಕೆಲಸಕ್ಕೆ ಇಳಿದೆವು. ಆ ಮನೆಯ ಕೊಟ್ಟಿಗೆಯ ಮೇಲೆ ಕೊಬ್ಬರಿ ಅಟ್ಟ. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಗುಂಡು ಕೊಬ್ಬರಿಯಾಗುತ್ತದೆ. ಸಂಜೆ ಹೊತ್ತು ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕಿದರೆ ದನಕ್ಕೆ ನೊಣದ ಕಾಟ ಇಲ್ಲ, ಅಟ್ಟಕ್ಕೂ ಬೆಚ್ಚಗೆ. ಯಜಮಾನರು ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದ ಕೂಡಲೇ ಶಿವಣ್ಣ ಓಡಿ ಬಂದ. "ಅಯ್ಯೋ, ಅಟ್ಟಕ್ಕೆ ಬ್ಯಾಡ ಕಣಣ್ಣ! ಕೊಬ್ಬರಿಗೆ ಔಷಧಿ ವಾಸ್ನೆ ಹತ್ತಿದ್ರೆ ತಿಪಟೂರು ಮಂಡೀಲಿ ನಾಯೀನೂ ಮೂಸಲ್ಲ." ಗೋಣಿತಾಟು ಹೊದಿಸಿ ಅಟ್ಟವನ್ನು ಬಿಟ್ಟೆವು. ಉಳಿದಂತೆ ಕೊಟ್ಟಿಗೆ, ಅಂಗಳ, ಬಚ್ಚಲ ಸುತ್ತ, ಬೇಲಿಯ ಬುಡ, ಒಂದು ಗೇಣು ಜಾಗ ಬಿಡಲಿಲ್ಲ. ವಾರ ಕಳೆದು ಬಟ್ಟೆ ಎಳೆದು ನೋಡಿದೆವು, ಮಲ್ಲಿಗೆ ಹೂವಿನಷ್ಟು ಬೆಳ್ಳಗಿತ್ತು.

ಶಿವರಾತ್ರಿ ಕಳೆಯಿತು. ಉಣ್ಣೆ ವಾಪಸು ಬಂತು.

ಮತ್ತೆ ಹೋದೆವು, ಮತ್ತೆ ಹೊಡೆದೆವು. ಒಂದು ತಿಂಗಳು ನೆಮ್ಮದಿ. ಯುಗಾದಿ ಮುಗಿದು ಬಿಸಿಲು ಏರುವಾಗ ಮತ್ತೆ ಬಂತು. ಮಗುವಿಗೆ ವರ್ಷ ತುಂಬಿ ಹೋಗಿತ್ತು, ಇನ್ನೂ ಸೊಂಟದಿಂದ ಇಳಿದಿರಲಿಲ್ಲ. ಪಕ್ಕದ ತೋಟದವನು ದಾರಿಯಲ್ಲಿ ಸಿಕ್ಕಿ, "ಏನಣ್ಣ, ಉಣ್ಣೆ ಓಡಿಸ್ತೀರೋ ಸಾಕ್ತೀರೋ?" ಅಂತ ಕೇಳಿದ. ಯಜಮಾನರು ಆ ದಿನ ಸರಿಯಾಗಿ ಉಣ್ಣಲಿಲ್ಲ. ನನಗೋ, ಮೈಮೇಲೆ ಏನೂ ಇಲ್ಲದಿದ್ದರೂ ಎಲ್ಲೋ ಹರಿದಾಡಿದ ಹಾಗೆ. ಒಲೆ ಮುಂದೆ ಕೂತರೆ ಬೆನ್ನು ತುರಿಕೆ, ಬಸ್ಸಿನಲ್ಲಿ ಕೂತರೆ ಕತ್ತು ತುರಿಕೆ.

ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿ ಕೇಳಿ ಹೇಳಿದ್ದು ಒಂದೇ ಮಾತು: "ಔಷಧಿ ಕೆಲಸ ಮಾಡಿದೆ. ಇಲ್ಲದಿದ್ರೆ ಒಂದು ತಿಂಗಳು ಸುಮ್ಮನಿರ್ತಿರಲಿಲ್ಲ. ಹೊಟ್ಟೆ ತುಂಬಿದ ಉಣ್ಣೆ ಎಲ್ಲೋ ಹೊಸದಾಗಿ ಬಂದು ಬೀಳ್ತಿದೆ. ಎಲ್ಲಿ ಅಂತ ಹುಡುಕಿ."

ಅಷ್ಟರಲ್ಲಿ ಸರೋಜಳ ಕಡೆಯಿಂದ ಸುದ್ದಿ ಬಂತು. ಬುಧವಾರ ಅಣ್ಣ ಬರುತ್ತಾನಂತೆ, ಮಗುವನ್ನು ಕರೆದುಕೊಂಡು ತವರಿಗೆ ಹೋಗುತ್ತಾಳಂತೆ. ಮಗನ ಕಾಲು ನೆಲ ಕಾಣುವ ತನಕ ಈ ಮನೆಗೆ ಬರುವುದಿಲ್ಲ ಅಂದಳಂತೆ. ಬಸಮ್ಮ ಅದಕ್ಕೆ, "ಮೊಮ್ಮಗ ನಮ್ಮ ಹೊಸ್ತಿಲು ದಾಟೋಕ್ ಮುಂಚೆ ಈ ಮನೆ ಬುಟ್ಟು ಹೋಗಕೂಡ್ದು" ಅಂತ ಬಾಗಿಲಿಗೆ ಅಡ್ಡ ಕೂತರಂತೆ. ಗಂಡ ಇಬ್ಬರ ನಡುವೆ ಸಿಕ್ಕಿ ತೋಟ ಸೇರಿದನಂತೆ.

ಸುದ್ದಿ ಬಂದದ್ದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಹೊರಟೆ.

"ಇವತ್ತು ಸೋಮವಾರ ಕಣೇ. ಅವರ ಮನೇಲಿ ಒಳಕ್ಕೆ ಸೇರ್ಸಲ್ಲ" ಅಂದರು ಯಜಮಾನರು.

"ಪಂಪನ್ನ ಸೇರ್ಸಲ್ಲ. ನನ್ನನ್ನ ಸೇರ್ಸ್ತಾರೆ" ಅಂದೆ. ಬಟ್ಟೆಯೊಂದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಬಸಮ್ಮ ಬಾವಿಯ ಹತ್ತಿರ ಎತ್ತುಗಳ ಮೈ ತೊಳೆಯುತ್ತಿದ್ದರು. ನೊಗ ಇಲ್ಲದ ದಿನ ಅಂತ ದನಗಳಿಗೆಲ್ಲ ಅವತ್ತೇ ಸ್ನಾನ. ತೊಳೆದು, ಹಣೆಗೆ ವಿಭೂತಿ ಎಳೆದು, ಆಮೇಲೆ ಬಾಲದ ಬುಡ, ಕಿವಿಯ ಒಳಗು, ಕೆಚ್ಚಲ ಸಂದು ಎಲ್ಲ ತಡವಿ ತಡವಿ ಉಣ್ಣೆ ಕಿತ್ತು ಒಂದು ತೆಂಗಿನ ಕರಟಕ್ಕೆ ಹಾಕುತ್ತಿದ್ದರು. ಒಳ್ಳೆ ಕೆಲಸ ಅಂತ ನೋಡುತ್ತಾ ನಿಂತೆ. ಕರಟ ಅರ್ಧ ತುಂಬಿತು. ಬಸಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಚ್ಚಲ ಹಿಂದಿನ ಸಿಪ್ಪೆ ಗುಡ್ಡೆಯ ಹತ್ತಿರ ಹೋದರು. ಬಗ್ಗಿ ಮೆಲ್ಲಗೆ ಸುರಿದರು. "ಹೋಗ್ರಪ್ಪ, ನಿಮ್ ದಾರಿ ನೀವು ನೋಡ್ಕಳಿ" ಅಂದರು.

ನಾನು ಅವರ ಹಿಂದೆಯೇ ಓಡಿದೆ.

"ಅವ್ವಾರೆ, ಕಿತ್ತಿದ್ದು ಸರಿ. ಕೊಲ್ಲಲಿಲ್ವಾ?"

"ಸೋಮವಾರ ಕಣಮ್ಮಿ! ಶಿವನ ದಿನ ಜೀವ ತೆಗೀತಾರೇನು? ನಮ್ಮತ್ತೆ ಕಾಲದಿಂದ ಇಂಗೇಯ. ದನದ ಮೈಯಿಂದ ತೆಗೆದ್ರೆ ಆಯ್ತಪ್ಪ, ಅವು ಎಲ್ಲಾದ್ರೂ ಬದುಕ್ಕಳ್ಲಿ."

ಎಲ್ಲಿ ಬದುಕಿಕೊಳ್ಳುತ್ತವೆ ಅಂತ ಆ ಗುಡ್ಡೆ ನೋಡಿದರೇ ಗೊತ್ತಾಗುತ್ತಿತ್ತು. ಬಚ್ಚಲ ನೀರಿನ ತಂಪು, ಸಿಪ್ಪೆಯ ಒಳಗೆ ಕತ್ತಲೆ, ನಾರಿನ ನಡುವೆ ಸಂದು. ಹೆಣ್ಣುಣ್ಣೆಗೆ ಹೆರಿಗೆ ಮನೆ ಕಟ್ಟಿಕೊಟ್ಟ ಹಾಗಿತ್ತು. ನಾವು ಹೋದಾಗೆಲ್ಲ ಅದು ಬರೀ ಸೌದೆಯ ಹಾಗೆ ಕಂಡಿತ್ತು, ಸುತ್ತ ಹೊಡೆದು ಬಂದಿದ್ದೆವು. ದಿನಾ ಬೆಳಿಗ್ಗೆ ಅಲ್ಲಿಂದಲೇ ಒಂದು ತೆಕ್ಕೆ ಸಿಪ್ಪೆ ನೀರೊಲೆಗೆ. ಸಂಜೆ ಇನ್ನೊಂದು ತೆಕ್ಕೆ ಕೊಟ್ಟಿಗೆಯ ಹೊಗೆಗೆ. ಮರಿಗಳು ನಡೆಯಬೇಕಾಗಿರಲಿಲ್ಲ, ಮನೆಯವರೇ ಎತ್ತಿಕೊಂಡು ಒಳಕ್ಕೆ ತಂದು ಬಿಡುತ್ತಿದ್ದರು.

ಹೇಗೆ ಹೇಳುವುದು? ಬಾಯಲ್ಲಿ ಹೇಳಿದರೆ ಸೊಸೆಯ ಪರ ವಹಿಸಿಕೊಂಡು ಬಂದಳು ಅನ್ನುತ್ತಾರೆ. ಚೀಲದಿಂದ ಬಟ್ಟೆ ತೆಗೆದು ನೆಲದ ಮೇಲೆ ಹಾಸಿದೆ. ಗುಡ್ಡೆಯ ಅಡಿಯಿಂದ ಒಂದು ಸಿಪ್ಪೆ ಎಳೆದು ಅದರ ಮೇಲೆ ಎರಡು ಸಲ ಕುಟ್ಟಿದೆ. ಮೆಣಸಿನ ಪುಡಿ ಉದುರಿದ ಹಾಗೆ ಉದುರಿತು. ಆಮೇಲೆ ಆ ಪುಡಿ ನಡೆಯತೊಡಗಿತು.

ಬಸಮ್ಮ ಬಗ್ಗಿ ನೋಡಿದರು. ಇನ್ನೂ ಬಗ್ಗಿ ನೋಡಿದರು. ಸರೋಜ ಮಗುವನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದಳು.

"ಇವೆಲ್ಲ ನಾನು ಬುಟ್ಟವುಗಳ ಮರಿಗಳಾ?" ಬಸಮ್ಮ ಕೇಳಿದರು.

ನಾನು ಬಟ್ಟೆಯ ನಾಲ್ಕು ಚುಂಗನ್ನೂ ಸೇರಿಸಿ ಗಂಟು ಕಟ್ಟಿದೆ.

ಬಸಮ್ಮ ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟರು. ಆ ಕಲ್ಲಿನ ಮೇಲೆಯೇ ಅವರು ದಿನಾ ಕಾಲು ಚಾಚಿ, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಉಜ್ಜಿ ನೀರು ಹಾಕುತ್ತಿದ್ದುದು. ಬೇರೆ ಯಾರಿಗೂ ಆ ಕೆಲಸ ಕೊಡುತ್ತಿರಲಿಲ್ಲವಂತೆ. ತಮ್ಮ ಕಾಲನ್ನೇ ನೋಡಿಕೊಂಡರು. "ಮಗೀನ ಕೆಳಗೆ ಬುಡಲ್ಲ ಅಂತ ಇವಳನ್ನ ಬೈದೆನಲ್ಲಮ್ಮಿ. ಅದು ದಿನಾ ಕೆಳಗೆ ಬತ್ತಿದ್ದದ್ದು ಇದೊಂದೇ ಜಾಗಕ್ಕೆ."

ಸರೋಜ ಏನೋ ಅನ್ನುತ್ತಾಳೆ ಅಂದುಕೊಂಡೆ. ಮೂರು ತಿಂಗಳ ಸಿಟ್ಟು ಅವಳ ಮುಖದಲ್ಲಿತ್ತು. ಅವಳು, "ಅತ್ತೆ, ಕಲ್ಲಿನ ಮ್ಯಾಲಿಂದ ಎದ್ದೇಳಿ. ನಿಮಗೂ ಹತ್ತಿಕಂಡಾವು" ಅಂದಳು. ಅಷ್ಟೇ.

ಬಸಮ್ಮ ಎದ್ದರು. ಎದ್ದವರಿಗೆ ಮತ್ತೆ ಒಂದು ಕಡೆ ನಿಲ್ಲಲಾಗಲಿಲ್ಲ. ಗುಡ್ಡೆಗೆ ಕೈ ಹಾಕಲು ಹೋದರು, ನಾನು ತಡೆದೆ. ಬೆಂಕಿ ಹಾಕುತ್ತೇನೆ ಅಂದರು, ಸೋಮವಾರ ಅಂತ ತಾವೇ ನಿಂತರು. ದನದ ಕಡೆ ಹೋದರು, ವಾಪಸು ಬಂದರು. "ಬೇರೆ ದಿನ ಕೀಳ್ಳಾ ಅಂದ್ರೆ ಎತ್ತು ಮನೇಲಿ ಇರಲ್ಲ. ಸೋಮವಾರ ಕೊಲ್ಲು ಅಂದ್ರೆ ನನ್ನ ಕೈ ಏಳಲ್ಲ ಕಣಮ್ಮಿ. ಏನ್ ಮಾಡ್ಲಿ ಹೇಳು."

"ಕೊಲ್ಲಬ್ಯಾಡಿ. ಬುಡಲೂ ಬ್ಯಾಡಿ" ಅಂದೆ. "ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿಡಿ. ಸೋಮವಾರ ಒಂದಿನ ಅವು ನಿಮ್ಮ ನೆಂಟರು. ಮಂಗಳವಾರ ಬೆಳಗಾದ್ರೆ ಕುದಿಯೋ ನೀರು."

ಬಸಮ್ಮ ಯೋಚಿಸಿದರು. ಮುಖದಲ್ಲಿ ಮೊದಲ ಸಲ ಒಂದು ಸಣ್ಣ ನಗು ಬಂತು. "ನೆಂಟರು ಅಂದಮೇಲೆ ಒಂದು ರಾತ್ರಿ ಸಾಕು ಬುಡು" ಅಂದರು.

ಮಂಗಳವಾರ ಯಜಮಾನರು ಪಂಪು ಹೊತ್ತು ಬಂದರು. ಸಿಪ್ಪೆ ಗುಡ್ಡೆಯನ್ನು ಬಯಲಿಗೆ ಎಳೆದು ಸುಟ್ಟೆವು. ಬಚ್ಚಲ ಗೋಡೆಯ ಪ್ರತಿ ಬಿರುಕಿಗೂ ನಾನು ಮಣ್ಣು ಮೆತ್ತಿದೆ. ಹೊಸ ಸಿಪ್ಪೆಯನ್ನು ತೋಟದ ಆಚೆ ಕಲ್ಲುಚಪ್ಪಡಿಯ ಮೇಲೆ ಬಿಸಿಲಿಗೆ ಒಟ್ಟಬೇಕು, ಒಣಗಿದ್ದು ಮಾತ್ರ ಮನೆಗೆ ಬರಬೇಕು ಅಂತ ಶಿವಣ್ಣನಿಗೆ ಹೇಳಿದೆವು. ಕೊಬ್ಬರಿ ಅಟ್ಟದ ತಂಟೆಗೆ ಹೋಗಬೇಕಾಗಿಯೇ ಇರಲಿಲ್ಲ.

ಬುಧವಾರ ಸರೋಜಳ ಅಣ್ಣ ಬಂದ. ಬಿರುಕಿಗೆ ಮೆತ್ತಿದ ಮಣ್ಣು ಒಣಗಿದೆಯೋ ನೋಡಲು ನಾವೂ ಅಲ್ಲೇ ಇದ್ದೆವು. ಅವತ್ತು ಬಾಗಿಲಿಗೆ ಅಡ್ಡ ಕೂತಿದ್ದ ಬಸಮ್ಮ ಈಗ ತಾವೇ ಮಗುವಿನ ಬಟ್ಟೆ ಗಂಟು ಕಟ್ಟಿಟ್ಟಿದ್ದರು. "ಹೋಗ್ಬಾ ಮಗಳೆ. ಅಡಗಿರೋ ಮೊಟ್ಟೆ ಒಡೆದು ಬರೋಕೆ ಇನ್ನೂ ಟೈಮ್ ಐತಂತೆ. ಮಳೆಗಾಲ ಕಳೀಲಿ. ಅಷ್ಟರಲ್ಲಿ ಈ ಅಂಗಳ ನಾನು ನೋಡ್ಕತೀನಿ" ಅಂದರು. ಸರೋಜ ಅವರ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ಮಗು ಸೊಂಟದ ಮೇಲಿಂದ ನೆಲದ ಕಡೆ ಒದೆಯುತ್ತಲೇ ಹೋಯಿತು.

ಇಷ್ಟು ಬರೆದು ಎದ್ದು ಹೋಗಿ ನಮ್ಮ ಹುಡುಗಿಯನ್ನು ನೋಡಿ ಬಂದೆ. ಇನ್ನೂ ಅಂಗಳದಲ್ಲೇ ಇದ್ದಾಳೆ. ತಾತನ ಒಂದು ಚಪ್ಪಲಿ ನೀರಿನ ತೊಟ್ಟಿ ಸೇರಿದೆ.

ಆ ಮಳೆಗಾಲ ಬಸಮ್ಮನಿಗೆ ಹೇಗೆ ಕಳೆಯಿತು ಅಂತ ನಾನು ಕಂಡಿದ್ದೇನೆ. ನಾವು ಆಗಾಗ ಹೋಗುತ್ತಿದ್ದೆವು. ಹೋದಾಗೆಲ್ಲ ಅವರು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿದ್ದರು. ತಮ್ಮದೇ ಒಂದು ಹಳೆಯ ಬಿಳೀ ಸೀರೆ ಹರಿದು, ಕೋಲಿಗೆ ಕಟ್ಟಿ, ಸಂಜೆ ಆದರೆ ಅಂಗಳದ ಮೇಲೆ ಎಳೆಯುವುದು. ಬಟ್ಟೆ ಎತ್ತಿ ಬಿಸಿಲಿಗೆ ಹಿಡಿದು ನೋಡುವುದು. ಚುಕ್ಕಿ ಕಂಡರೆ ನಮಗೆ ಸುದ್ದಿ. ಸೋಮವಾರದ ನೆಂಟರಿಗೆ ಅಂತ ಇಟ್ಟ ಬಿಸ್ಕತ್ತಿನ ಡಬ್ಬ ಬಾವಿಕಟ್ಟೆಯ ಮೇಲೆ. ಮಂಗಳವಾರ ಬೆಳಿಗ್ಗೆ ಅವರ ಮನೆಯಲ್ಲಿ ಕಾಫಿಗಿಂತ ಮೊದಲು ಆ ಡಬ್ಬಕ್ಕೆ ನೀರು ಕುದಿಯುತ್ತಿತ್ತು. ಆಷಾಢ ಕಳೆಯುವ ಹೊತ್ತಿಗೆ ಡಬ್ಬಕ್ಕೆ ಬೀಳುವುದು ಒಂದೋ ಎರಡೋ ಆಯಿತು. ಆಮೇಲೆ ಬಟ್ಟೆಯ ಮೇಲೆ ಧೂಳು ಬಿಟ್ಟರೆ ಬೇರೇನೂ ಹತ್ತಲಿಲ್ಲ. ಆದರೂ ಅವರು ಎಳೆಯುವುದನ್ನು ಬಿಡಲಿಲ್ಲ.

ಗೌರಿ ಹಬ್ಬ ಹತ್ತಿರ ಬಂದಾಗ ನನಗೆ ಹೇಳಿಕಳಿಸಿದರು: ಪಂಪು ಬೇಡ, ಬಿಳೀ ಬಟ್ಟೆ ತಗೊಂಡು ಬಾ, ಸರೋಜ ಬರುತ್ತಿದ್ದಾಳೆ.

ಹೋದೆವು. ಬಸಮ್ಮನ ಮಾತಿನ ಮೇಲೆ ನಂಬಿಕೆ ಸಾಲದೆಂದಲ್ಲ, ಸೊಸೆಯ ಕಣ್ಣೆದುರು ನಾನೇ ಎಳೆಯಬೇಕಂತೆ. ಬಾಗಿಲಿಂದ ಬಾವಿ ತನಕ, ಬಾವಿಯಿಂದ ಬಚ್ಚಲ ತನಕ ಎಳೆದೆ. ಎತ್ತಿ ಸರೋಜಳ ಮುಂದೆ ಹಿಡಿದೆ. ಅವಳು ಎರಡೂ ಮಗ್ಗುಲು ತಿರುಗಿಸಿ ನೋಡಿದಳು. ಮಗುವನ್ನು ಎತ್ತಿಕೊಂಡು ಮನೆಯೊಳಕ್ಕೆ ಹೋಗಿ, ನಡುಮನೆಯಲ್ಲಿ ಕೆಳಗೆ ಬಿಟ್ಟಳು. ಹುಡುಗ ಅಷ್ಟು ಹೊತ್ತಿಗೆ ಓಡುವಷ್ಟು ಗಟ್ಟಿಯಾಗಿದ್ದ. ತವರಿನಲ್ಲಿ ನೆಲ ಸಿಕ್ಕಿತ್ತಲ್ಲ.

ಬಸಮ್ಮ ಅಂಗಳದಲ್ಲಿ ನಿಂತು, "ಅಲ್ಲಿ ಎಲ್ಲಾ ಹೊಸ್ತಿಲೂ ದಾಟಿರ್ತಾನೆ ಬುಡು. ಇಲ್ಲಿ ಇದೊಂದು ನೆವಕ್ಕೆ" ಅಂತ ನನಗೆ ಮೆಲ್ಲಗೆ ಅಂದರು. ಅಂದರೂ ಕೈಯಲ್ಲಿ ಕಾಯಿ ಹಿಡಿದುಕೊಂಡೇ ಇದ್ದರು.

ಸರೋಜಳಿಗೆ ಅದು ಕೇಳಿಸಿತು. "ಇಲ್ಲ ಅತ್ತೆ" ಅಂದಳು. "ಅಲ್ಲಿ ಹೊಸ್ತಿಲು ಬಂದಾಗೆಲ್ಲ ಎತ್ಕಂಡೇ ದಾಟಿಸಿದೀನಿ. ಒಂದೇ ಒಂದು ಸಲಾನೂ ಬುಟ್ಟಿಲ್ಲ. ನಮ್ಮವ್ವ ನನ್ನ ಹುಚ್ಚಿ ಅಂದ್ಲು. ಮೊದಲನೇದು ನಿಮ್ಮ ಹೊಸ್ತಿಲೇ ಆಗ್ಲಿ ಅಂತ."

ಹುಡುಗ ಬಾಗಿಲ ತನಕ ಓಡಿ ಬಂದ. ಹೊಸ್ತಿಲ ಹತ್ತಿರ ಅಭ್ಯಾಸದಂತೆ ನಿಂತು, ಎತ್ತಿಕೋ ಅಂತ ಕೈ ಮೇಲೆ ಮಾಡಿದ. ಯಾರೂ ಎತ್ತಲಿಲ್ಲ. ಅಮ್ಮನನ್ನು ನೋಡಿದ, ಅಜ್ಜಿಯನ್ನು ನೋಡಿದ. ಆಮೇಲೆ ಒಂದು ಕಾಲು ಎತ್ತಿ ಆಚೆ ಇಟ್ಟ. ಬಸಮ್ಮ ಕಾಯನ್ನು ನಮ್ಮ ಯಜಮಾನರ ಕೈಗೆ ತುರುಕಿ ಮೊಮ್ಮಗನ ಕಡೆ ಓಡಿದರು, ಕೊನೆಗೆ ಯಜಮಾನರೇ ಒಡೆದುಕೊಟ್ಟರು.

ಆ ಮನೆ ನಮಗೆ ಕಲಿಸಿದ ಪಾಠ ಇಷ್ಟು. ಒಂದು ಮನೆಯ ಕೆಲಸಕ್ಕೆ ಹೋದರೆ, ನಿನ್ನನ್ನು ಬೇಡ ಅನ್ನುವ ದಿನ ಬರಿಗೈಯಲ್ಲಿ ಒಂದು ಸಲ ಹೋಗಿ ಸುಮ್ಮನೆ ಕೂತು ನೋಡು. ಆಮೇಲೆ ಎಷ್ಟೋ ವರ್ಷ ಈ ಕೆಲಸ ಮಾಡಿದೆವು. ಹೊಸ ಮನೆ ಒಪ್ಪಿಕೊಂಡರೆ ನಾನು ಮೊದಲು ಹೋಗುತ್ತಿದ್ದದ್ದು ಸೋಮವಾರ, ಪಂಪಿಲ್ಲದೆ.

ಇವತ್ತು ನಸುಕಿನಲ್ಲಿ ನಮ್ಮ ಅಂಗಳದ ಮೇಲೂ ಬಿಳೀ ಪಂಚೆ ಎಳೆದೆ. ಮಗು ಎರಡು ದಿನದಿಂದ ಹೊಸ್ತಿಲ ಹತ್ತಿರ ಸುಳಿದಾಡುತ್ತಿತ್ತಲ್ಲ. ನಮ್ಮ ಮನೆಯಲ್ಲಿ ದನವೇ ಇಲ್ಲ. ಮಂಜುಳ ನೋಡಿ ನಕ್ಕಳು. ಯಜಮಾನರು ನಗಲಿಲ್ಲ. ಪಂಚೆಯ ಇನ್ನೊಂದು ಚುಂಗು ಅವರೇ ಹಿಡಿದುಕೊಂಡರು.

ಈಗ ಸಂಜೆ. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತಿದ್ದೇವೆ. ಮಗ ಕೆಲಸದಿಂದ ಬಂದ, ಮಂಜುಳ ಕಡುಬು ಬಡಿಸುತ್ತಿದ್ದಾಳೆ, ಯಜಮಾನರು ತುಪ್ಪ ಸಾಲದು ಅಂತ ತಕರಾರು ತೆಗೆದಿದ್ದಾರೆ. ಕಳೆದ ಮೊರ ತೊಟ್ಟಿಲ ಕೆಳಗೆ ಸಿಕ್ಕಿತು. ಹುಡುಗಿ ಮಾತ್ರ ಯಾರ ತೊಡೆಯ ಮೇಲೂ ನಿಲ್ಲುತ್ತಿಲ್ಲ. ಒಂದು ಎಲೆಯಿಂದ ಇನ್ನೊಂದು ಎಲೆಗೆ ಅಂಬೆಗಾಲಲ್ಲೇ ಓಡಾಡಿ, ಎಲ್ಲರ ಕಡುಬನ್ನೂ ಒಂದೊಂದು ಸಲ ಕಚ್ಚಿ ಬಿಡುತ್ತಿದ್ದಾಳೆ. ನನ್ನ ಎಲೆಗೆ ಬಂದಾಗ ನೋಡಿದೆ. ಅಂಗಾಲಲ್ಲಿ ಅಂಗಳದ ಮಣ್ಣು ಇನ್ನೂ ಹಾಗೇ ಇದೆ. ಯಾರೂ ತೊಳೆದಿಲ್ಲ. ನಾನೂ ತೊಳೆಯಲು ಏಳಲಿಲ್ಲ. ಬೆಳಗಿನಿಂದ ಮೊದಲ ಸಲ, ಕೂತೇ ಉಂಡೆ.